ಗಾದಿಯವರ ಮನೆಯ ಗಟ್ಟಿ ಹಾಸಿಗೆ

ಆ ಮನೆಯ ಹೊಸ್ತಿಲು ದಾಟಿ ಇಟ್ಟ ಮೊದಲ ಹೆಜ್ಜೆಗೇ ನಾನು ಮುಗ್ಗರಿಸಿದೆ. ಬಾಗಿಲಿನಿಂದ ಪಡಸಾಲೆಗೆ, ಪಡಸಾಲೆಯಿಂದ ಬಚ್ಚಲಿನ ತನಕ ನೆಲವೇ ಕಾಣದಂತೆ ಹತ್ತಿಯ ಗಾದಿಗಳನ್ನು ಹಾಸಿದ್ದರು. ಗೋಡೆಗೆ ಒರಗಿಸಿದ ಇನ್ನಷ್ಟು ಗಾದಿ, ಮೂಲೆಗಳಲ್ಲಿ ಲೋಡು, ಮಂಚದ ಕಾಲಿಗೂ ಸುತ್ತಿದ ದಿಂಬು. ಕಾಲಿಟ್ಟಲ್ಲೆಲ್ಲ ಪಾದ ಒಳಗಿಳಿಯುತ್ತಿತ್ತು. ಗಟ್ಟಿಮುಟ್ಟಾದ ನಾನೇ ಗೋಡೆ ಹಿಡಿದು ನಡೆಯಬೇಕಾಯಿತು. ನಾನು ನೋಡಲು ಬಂದಿದ್ದ ರೋಗಿಯೋ ಎಪ್ಪತ್ತು ದಾಟಿದ, ಹೆಜ್ಜೆಯನ್ನೇ ಎತ್ತಲಾರದ ಮುದುಕರು.

"ಹಂಗ ಬರ್ರಿ ಅಕ್ಕಾರ, ಅಂಜಬ್ಯಾಡ್ರಿ," ಎಂದರು ಅವರ ಹೆಂಡತಿ. "ನಮ್ಮ ಮನಿಯಾಗ ಬಿದ್ರೂ ಪೆಟ್ಟ ಆಗಂಗಿಲ್ಲ."

ನಾನು ಫಿಜಿಯೋಥೆರಪಿಸ್ಟ್. ಇರುವುದು ಬೆಟಗೇರಿಯಲ್ಲಿ, ಕೆಲಸ ಗದಗಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ. ವಾರಕ್ಕೆರಡು ದಿನ ಬಸ್ಸು ಹಿಡಿದು ಶಿರಹಟ್ಟಿ, ಲಕ್ಷ್ಮೇಶ್ವರದ ಮನೆಗಳಿಗೆ ಹೋಗುತ್ತೇನೆ. ಓಣಿಯ ಮಂದಿಗೆ ನಾನು "ಮಾಲೀಸು ಮಾಡೋ ಅಕ್ಕಾರು". ಮಾಲೀಸಲ್ಲ ಎಂದು ತಿಳಿಸಿ ಹೇಳುವ ಉಮೇದು ಎಂದೋ ಮುಗಿದಿದೆ.

ಲಕ್ಷ್ಮೇಶ್ವರದ ಬಜಾರದ ಹಿಂದಿನ ಓಣಿಯಲ್ಲಿದ್ದ ಆ ಮನೆಯದು ಹತ್ತಿ ಹಿಂಜಿ ಗಾದಿ ಹೊಲಿಯುವ ಕಸುಬು. ಊರಿಗೆಲ್ಲ ಚಾಚಾ ಆಗಿದ್ದ ಆ ಹಿರಿಯರು ಹರೆಯದಲ್ಲಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಹಳ್ಳಿ ಹಳ್ಳಿ ಸುತ್ತಿದವರು. ಈಗ ಮಗ ಮನೆಯ ಮುಂದಿನ ಅಂಗಡಿಯಲ್ಲಿ ಯಂತ್ರ ಹಾಕಿದ್ದಾನೆ. ನಾನು ಹೋಗುವ ಕೆಲವು ತಿಂಗಳ ಮೊದಲು ಚಾಚಾ ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡಿದ್ದರು. ರಕ್ತ ನೋಡಿ ಚಾಚಿ ಹೌಹಾರಿದ್ದರು. ಅಂದೇ ಅಂಗಡಿಯಲ್ಲಿದ್ದ ಗಾದಿಗಳೆಲ್ಲ ಮನೆಯೊಳಗೆ ಬಂದವು. ಬೇರೆಯವರಾಗಿದ್ದರೆ ಬಚ್ಚಲಿಗೊಂದು ಹಿಡಿಕೆ ಹಾಕಿಸುತ್ತಿದ್ದರು. ಇವರ ಕೈಗೆ ಸಿಕ್ಕಿದ್ದು ಗಾದಿ.

ಚಾಚಾ ಮಂಚದ ಮೇಲೆ, ಗಾದಿಯ ಮೇಲೊಂದು ಗಾದಿ, ಅದರ ಮೇಲೆ ಹೊಸ ಹತ್ತಿಯ ಮತ್ತೊಂದು ಗಾದಿಯ ನಡುವೆ ಹೂತುಹೋದಂತೆ ಮಲಗಿದ್ದರು. ಮುಖ ಮಾತ್ರ ಕಾಣುತ್ತಿತ್ತು. ರೆಪ್ಪೆ ಅಪರೂಪಕ್ಕೊಮ್ಮೆ ಬಡಿಯುತ್ತಿತ್ತು. ಕೈ ಹಿಡಿದು ಮಣಿಕಟ್ಟನ್ನು ನಿಧಾನ ತಿರುಗಿಸಿದೆ. ಹಲ್ಲುಗಾಲಿ ತಿರುಗಿದಂತೆ ತಡೆತಡೆದು ತಿರುಗಿತು. ಎಬ್ಬಿಸಿ ಕೂರಿಸಲು ಮಗನನ್ನೂ ಕರೆಯಬೇಕಾಯಿತು. ನಿಲ್ಲಿಸಿ, ಹಿಂದೆ ನಿಂತು ಹೆಗಲನ್ನು ತುಸು ಎಳೆದೆ. ಸರಿಯಿದ್ದವರು ಒಂದು ಹೆಜ್ಜೆ ಹಿಂದಿಟ್ಟು ತಡೆದುಕೊಳ್ಳುತ್ತಾರೆ. ಚಾಚಾ ಕಂಬದ ಹಾಗೆ ನೇರ ನನ್ನ ಎದೆಯ ಮೇಲೆ ಬಂದರು. ನಡೆಸಿದರೆ ನಾಲ್ಕು ಪುಟ್ಟ ಹೆಜ್ಜೆ ಇಟ್ಟು ಬಾಗಿಲ ಬಳಿ ಅಂಟಿಕೊಂಡವರಂತೆ ನಿಂತುಬಿಟ್ಟರು.

"ಚಾಚಾರ, ಇದು ಯಾವ ಊರ್ರಿ?" ಎಂದು ಕೇಳಿದೆ.

ಬಹಳ ಹೊತ್ತಿನ ಮೇಲೆ ಸಣ್ಣ ದನಿಯಲ್ಲಿ, "ಶಿಗ್ಲಿ," ಎಂದು ಪಕ್ಕದ ಹಳ್ಳಿಯ ಹೆಸರು ಹೇಳಿದರು. "ಗಾದಿ ಕೊಟ್ಟು ಮನಿಗೆ ಹೋಗಬೇಕು. ಹೊತ್ತಾತು."

ಹುಬ್ಬಳ್ಳಿಯ ನರರೋಗ ವೈದ್ಯರು ನನಗೆ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಮಿದುಳಿನ ಆಳದಲ್ಲಿ ಚಲನೆಯನ್ನು ನಡೆಸುವ ಜೀವಕೋಶಗಳು ಸಾಯುತ್ತಿವೆ. ಅದೇ ಕೆಡುಕು ಯೋಚನೆ ಮಾಡುವ ಭಾಗಕ್ಕೂ ಹಬ್ಬಿದೆ. ತಡೆಯುವ ಔಷಧವಿಲ್ಲ. ಗುಳಿಗೆಯಿಂದ ಮೈ ಕೆಲವು ಗಂಟೆ ಸಡಿಲವಾಗುತ್ತದೆ, ಅಷ್ಟೇ. "ಅವರು ಹಾಸಿಗೆ ಹಿಡಿಯದಂತೆ ನೋಡಿಕೊಳ್ಳಿ," ಎಂದಿದ್ದರು. "ಒಮ್ಮೆ ಹಿಡಿದರೆ ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ. ಆಮೇಲೆ ನೀವೂ ಇಲ್ಲ, ನಾನೂ ಇಲ್ಲ."

ಹಾಗಾಗಿ ನನ್ನೆದುರಿಗಿದ್ದ ಕೆಲಸ ಒಂದೇ. ಚಾಚಾ ಯಾರ ಕೈಯೂ ಇಲ್ಲದೆ ಮಗ್ಗುಲು ಹೊರಳಿ, ಎದ್ದು ಕೂರಬೇಕು. ಅದಾದರೆ ಉಳಿಯುತ್ತಾರೆ. ಆಗದಿದ್ದರೆ ಇಲ್ಲ. ಚಾಚಿಗೆ ಸೊಂಟದ ನೋವು, ಎತ್ತಲಾರರು. ಮಗ ಯಂತ್ರ ಬಿಟ್ಟು ಎಷ್ಟು ಸಲ ಓಡಿ ಬಂದಾನು?

ಹೊರಳುವುದನ್ನು ನಾವು ಯಾರೂ ಯೋಚಿಸಿ ಮಾಡುವುದಿಲ್ಲ. ಮಿದುಳಿನ ಆ ಆಳದ ಭಾಗ ನಮ್ಮ ಗಮನಕ್ಕೇ ತಾರದೆ ಅದನ್ನು ಮಾಡಿಸುತ್ತಿರುತ್ತದೆ. ಚಾಚಾನಿಗೆ ಹೋಗಿದ್ದು ಅದೇ. ಆದರೆ ಗಮನವಿಟ್ಟು, ಒಂದೊಂದೇ ತುಂಡಾಗಿ ಮಾಡುವ ಚಲನೆಗೆ ಬೇರೆ ದಾರಿ ಸ್ವಲ್ಪ ಕಾಲ ಉಳಿದಿರುತ್ತದೆ. ನಾವು ಕಲಿಸುವುದು ಆ ದಾರಿಯನ್ನು. ಮೊಣಕಾಲು ಮಡಚು. ಮುಖ ಬಲಕ್ಕೆ ತಿರುಗಿಸು. ಎಡಗೈಯನ್ನು ಎದೆಯ ಮೇಲಿಂದ ಬಲಕ್ಕೆ ಚಾಚು. ಮೊಣಕಾಲುಗಳನ್ನು ಬಲಕ್ಕೆ ಬೀಳಬಿಡು. ಪಾದಗಳನ್ನು ಮಂಚದಿಂದ ಇಳಿಬಿಡು. ಬಲ ಮೊಣಕೈ ಒತ್ತಿ ಏಳು.

ಕೊನೆಯ ಮಾತಿನಲ್ಲೇ ಎಲ್ಲವೂ ನಿಂತಿತ್ತು. ಮೊಣಕೈ ಒತ್ತಬೇಕಾದರೆ ಕೆಳಗೆ ಗಟ್ಟಿಯಾದದ್ದು ಏನಾದರೂ ಇರಬೇಕು. ಚಾಚಾ ಒತ್ತಿದಷ್ಟೂ ಮೊಣಕೈ ಹತ್ತಿಯೊಳಗೆ ಇಳಿಯುತ್ತಿತ್ತು. ಮೈ ತಗ್ಗಿನಲ್ಲಿ ಕೂತಿದ್ದರಿಂದ ಮೊಣಕಾಲು ಬೀಳಿಸಿದರೂ ಸೊಂಟ ತಿರುಗುತ್ತಿರಲಿಲ್ಲ. ನೆಲದ ಮೇಲೂ ಅದೇ ಪಾಡು. ಹೆಜ್ಜೆ ಅಂಟಿಕೊಳ್ಳುವವರಿಗೆ ನೆಲದ ಮೇಲೆ ಅಡ್ಡ ಪಟ್ಟಿಗಳನ್ನು ಹಚ್ಚುತ್ತೇವೆ. ಕಣ್ಣಿಗೆ ಪಟ್ಟಿ ಕಂಡರೆ ಕಾಲು ಅದನ್ನು ದಾಟಲು ಏಳುತ್ತದೆ. ಗಾದಿಯ ಮೇಲೆ ಎಲ್ಲಿ ಹಚ್ಚಲಿ? ಪಾದಕ್ಕಂತೂ ನೆಲವಿದೆ ಎಂಬ ಖಬರೇ ಇರಲಿಲ್ಲ.

ಮೊದಲ ದಿನವೇ ಹೇಳಿದೆ. "ಚಾಚಿ, ಈ ಗಾದಿ ಎಲ್ಲಾ ತಗೀಬೇಕ್ರಿ. ಮಂಚಕ್ಕ ಹಲಗಿ ಹಾಕಿ, ಮ್ಯಾಲೆ ಎರಡು ಕೌದಿ ಹಾಸೂಣು. ಸಾಕು."

ಚಾಚಿಯ ಮುಖ ಕಪ್ಪಿಟ್ಟಿತು. "ಲಗ್ನದ ಗಾದಿ ಅಂದ್ರ ಇವರ ಕೈದ ಬೇಕು ಅಂತ ಸುತ್ತ ಹಳ್ಳ್ಯಾಗಿಂದ ಚಕ್ಕಡಿ ಕಟಗೊಂಡ ಬರ್ತಿದ್ರು. ಅಂಥವರನ್ನ ಹಲಗಿ ಮ್ಯಾಲೆ ಮಲಗಸಲೇನು? ನಮ್ಮೊಳಗ ಮನಶ್ಯಾನ್ನ ಹಲಗಿ ಮ್ಯಾಲೆ ಯಾವಾಗ ಮಲಗಸ್ತಾರ ಗೊತ್ತೈತೇನ್ ಬೇಟಿ ನಿನಗ? ಕಡೀ ಜಳಕಕ್ಕ."

ಸತ್ತವರಿಗೆ ಹಲಗೆಯ ಮೇಲೆ ಸ್ನಾನ ಮಾಡಿಸುತ್ತಾರೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಹೊತ್ತಿಗೆ ಹೊಳೆದಿರಲಿಲ್ಲ.

ಗಾದಿಯ ಮಾತು ಬಿಟ್ಟು ಕೈಯಲ್ಲಾದುದನ್ನು ಮಾಡತೊಡಗಿದೆ. ಮೈ ಸಡಿಲಿಸುವ ಗುಳಿಗೆಯನ್ನು ಚಾಚಿ ಊಟವಾದ ಮೇಲೆ ದೊಡ್ಡ ಲೋಟ ಕೆನೆಹಾಲಿನಲ್ಲಿ ಕೊಡುತ್ತಿದ್ದರು. ಪೌಷ್ಟಿಕ ಎಂಬ ಪ್ರೀತಿ. ಹಾಲಿನ ಪ್ರೋಟೀನು ಆ ಔಷಧದ ದಾರಿಗೇ ಅಡ್ಡ ನಿಲ್ಲುತ್ತದೆ. ವೈದ್ಯರಿಗೆ ಫೋನು ಹಚ್ಚಿ ಅವರಿಂದಲೇ ಹೇಳಿಸಿದೆ, ಗುಳಿಗೆ ಊಟಕ್ಕೆ ಬಹಳ ಮೊದಲು, ಬರೀ ನೀರಿನಲ್ಲಿ. ಇದಕ್ಕೆ ಚಾಚಿ ಒಪ್ಪಿದರು. ಹಾಲು ಸಂಜೆಗೆ ಹೋಯಿತು. ಮುಂದಿನ ವಾರ ಹೋದಾಗ ಚಾಚಾನ ಕೈ ಸ್ವಲ್ಪ ಸಲೀಸಾಗಿ ತಿರುಗುತ್ತಿತ್ತು. ಚಹಾದ ಬಸಿಯನ್ನು ತಾವೇ ಎತ್ತಿದರು. ನಾನು ಒಳಗೊಳಗೇ ಹಿಗ್ಗಿದೆ.

ಹಿಗ್ಗು ಬಹಳ ದಿನ ಉಳಿಯಲಿಲ್ಲ. ಚಾಚಾನಿಗೆ ಇಲ್ಲದ್ದು ಕಾಣತೊಡಗಿತು. ಗಾದಿಗಳ ಮೇಲೆ ಬಿಳಿ ಆಡಿನ ಮರಿಗಳು ಓಡಾಡುತ್ತಿವೆ, ಹತ್ತಿ ತಿಂದು ಹಾಕುತ್ತಿವೆ ಎಂದು ಕೈ ಬೀಸಿ ಓಡಿಸುತ್ತಿದ್ದರು. ಈ ಕಾಯಿಲೆಯಲ್ಲಿ ಇದು ಬರುವಂಥದ್ದೇ. ಆದರೆ ಮಗ ಹೆದರಿ, ಯಾರೋ ಹೇಳಿದರೆಂದು ಯಾವುದೋ ನಿದ್ದೆಯ ಗುಳಿಗೆ ತಂದು ಕೊಟ್ಟುಬಿಟ್ಟ. ಇಂಥ ರೋಗಿಗಳ ಮಿದುಳಿಗೆ ಆ ಬಗೆಯ ಕೆಲವು ಗುಳಿಗೆಗಳು ವಿಷವಿದ್ದಂತೆ. ನಾನು ಹೋದಾಗ ಚಾಚಾ ಕಟ್ಟಿಗೆಯಾಗಿದ್ದರು. ಕುತ್ತಿಗೆ ಸೆಟೆದು ತಲೆ ದಿಂಬಿನಿಂದ ಮೇಲೆದ್ದು ಗಾಳಿಯಲ್ಲಿ ನಿಂತಿತ್ತು. ನುಂಗಲು ಬರುತ್ತಿರಲಿಲ್ಲ, ಬಾಯಿಂದ ಜೊಲ್ಲು.

"ಏನ್ ಕೊಟ್ರಿ? ತೋರಸ್ರಿ ನನಗ," ಎಂದು ಚೀರಿದೆ. ಮಗ ಗುಳಿಗೆಯ ಚೀಟಿ ಮುಂದೆ ಹಿಡಿದ.

"ರಾತ್ರಿಯೆಲ್ಲಾ ಒದರತಿದ್ರಿ ಅಕ್ಕಾರ. ಅಮ್ಮಾ ಅಳಾಕತ್ತಿದ್ಲು. ಒಂದೀಟು ನಿದ್ದಿ ಬರಲಿ ಅಂತ..."

ಬೈಯುವುದನ್ನು ಬಿಟ್ಟು ಹುಬ್ಬಳ್ಳಿಗೆ ಫೋನು ಹಚ್ಚಿದೆ. ವೈದ್ಯರು ಫೋನಿನಲ್ಲೇ ಅದನ್ನು ನಿಲ್ಲಿಸಿ, ಅಂದೇ ಕರೆತರಲು ಹೇಳಿದರು. ಹುಬ್ಬಳ್ಳಿಗೆ ಹೋಗಿ ಬಂದು ಮೈ ಮತ್ತೆ ತುಸು ಸಡಿಲಾಗುವಷ್ಟರಲ್ಲಿ, ಅಷ್ಟು ದಿನ ಅಂಗಾತವೇ ಬಿದ್ದಿದ್ದರಿಂದ ಬೆನ್ನ ಕೆಳಗಿನ ಎಲುಬಿನ ಮೇಲೆ ಚರ್ಮ ಕೆಂಪಾಗಿತ್ತು. ಬೆರಳೊತ್ತಿ ಬಿಟ್ಟರೂ ಕೆಂಪು ಮಾಯವಾಗಲಿಲ್ಲ. ಹುಣ್ಣು ಬರುವ ಮೊದಲ ಸೂಚನೆ ಅದು.

ಅಂದು ನಾನು ಗಟ್ಟಿ ಮನಸ್ಸು ಮಾಡಿದೆ. ಚಾಚಿಯನ್ನೂ ಮಗನನ್ನೂ ಕೂರಿಸಿಕೊಂಡು ಹೇಳಿದೆ: "ಇವತ್ತ ಗಾದಿ ಹೊರಗ ಹೋಗಬೇಕು. ಇಲ್ಲಾಂದ್ರ ನಾ ಇನ್ನ ಮ್ಯಾಲೆ ಬರೂದಿಲ್ಲ. ಸುಮ್ಮನ ಬಂದು ಹೋಗೂದಕ್ಕ ನನಗ ಮನಸ್ಸಿಲ್ಲ."

"ಬಿದ್ರ?" ಎಂದರು ಚಾಚಿ.

"ಬಿದ್ರ ಬೀಳಬಹುದ್ರಿ. ಬೀಳೂದಿಲ್ಲ ಅಂತ ನಾ ಹೇಳಂಗಿಲ್ಲ. ಆದ್ರ ಹಿಂಗ ಇದ್ರ ಏಳೂದಂತೂ ಇಲ್ಲ."

ಚಾಚಿ ಗಂಡನ ಮುಖ ನೋಡಿದರು. ಆಮೇಲೆ ತಾವೇ ಎದ್ದು ಮೊದಲ ಗಾದಿಯ ತುದಿ ಹಿಡಿದರು. ಮಗ ಒಂದೊಂದನ್ನೇ ಸುತ್ತಿ ಅಂಗಡಿಗೆ ಹೊತ್ತ. ನೆಲದ ಕಡಪಾ ಕಲ್ಲು ತಿಂಗಳುಗಳ ನಂತರ ಬೆಳಕು ಕಂಡಿತು. ಮಂಚಕ್ಕೆ ಹಲಗೆ ಬಂತು. ನಾನು ಬಿಳಿ ಚಾದರ ಹಾಸಲು ಹೋದರೆ ಚಾಚಿ ಕೈಯಿಂದ ಕಸಿದುಕೊಂಡು, ಹಳೆಯ ಸೀರೆಗಳ ಬಣ್ಣಬಣ್ಣದ ಕೌದಿಗಳನ್ನು ಹಾಸಿದರು. ನಾನು ನೆಲಕ್ಕೆ ಕೆಂಪು ಪಟ್ಟಿಗಳನ್ನು ಹಚ್ಚಿದೆ, ಮಂಚದಿಂದ ಬಚ್ಚಲಿನ ತನಕ. ಬಚ್ಚಲಿಗೆ ಹಿಡಿಕೆ ಹಾಕಿಸಿದೆ.

ಆ ವಾರ ಚಾಚಾ ಹೊರಳಿದರು. ನಾನು ಒಂದೊಂದೇ ಮಾತು ಹೇಳುತ್ತ ಹೋದಂತೆ ಮೊಣಕಾಲು ಬಿತ್ತು, ಸೊಂಟ ಹಿಂಬಾಲಿಸಿತು, ಮೊಣಕೈ ಹಲಗೆಯನ್ನು ಒತ್ತಿತು. ಮೈ ನಡುಗುತ್ತ ಮೇಲೆ ಬಂದು ಕುಳಿತರು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದ ಚಾಚಿ, "ಯಾ ಅಲ್ಲಾ," ಎಂದರು. ಕೆಂಪು ಪಟ್ಟಿಗಳ ಮೇಲೆ ಕಾಲೆತ್ತಿ ಇಡುತ್ತ ಚಾಚಾ ಬಚ್ಚಲಿನವರೆಗೆ ಹೋಗಿ ಬಂದರು. ಬಸ್ಸಿನಲ್ಲಿ ಗದಗಿಗೆ ಮರಳುವಾಗ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆನಂತೆ. ಪಕ್ಕದವಳು "ಏನ್ರಿ, ಮದುವಿ ಗೊತ್ತಾತೇನು?" ಎಂದಳು.

ಮುಂದಿನ ಸಲ ಅವರ ಓಣಿಗೆ ತಿರುಗಿದಾಗಲೇ ಮನೆಯ ಮುಂದೆ ನಾಲ್ಕು ಜನ ನಿಂತಿದ್ದರು. ಬೆಳಿಗ್ಗೆ ಚಾಚಾ ತಾವೇ ಎದ್ದಿದ್ದಾರೆ. ಯಾರನ್ನೂ ಕರೆಯದೆ, ಪಟ್ಟಿಗಳಿದ್ದ ಕಡೆ ಹೋಗದೆ, ಅಂಗಡಿಯ ಬಾಗಿಲಿಗೆ ಹೋಗಿದ್ದಾರೆ. ಹೊಸ್ತಿಲ ಬಳಿ ಕಾಲು ಅಂಟಿದೆ, ಮೈ ಮುಂದೆ ಹೋಗಿದೆ. ಎಡಗೈ ಮಣಿಕಟ್ಟು ಮುರಿದಿತ್ತು.

ಚಾಚಿ ನನ್ನನ್ನು ಒಳಗೆ ಬಿಡಲಿಲ್ಲ. ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಹಿಡಿದು ನಿಂತರು. ಚೀರಲಿಲ್ಲ, ಅದೇ ನನಗೆ ಹೆಚ್ಚು ತಾಗಿತು.

"ನಾ ಬ್ಯಾಡ ಅಂದೆ. ನೀ ಹಲಗಿ ತೋರಿಸಿದಿ ಅವರಿಗೆ. ಈಗ ಹೋಗು ಬೇಟಿ. ನೀ ಕಲಿಸಿದ್ದು ಸಾಕು."

ಮಗ ತಲೆ ತಗ್ಗಿಸಿ ಒಳಗೆ ಗಾದಿಗಳನ್ನು ಹೊತ್ತುತರುತ್ತಿದ್ದ. ನನ್ನ ಕೆಂಪು ಪಟ್ಟಿಗಳ ಮೇಲೆ ಅವು ಒಂದೊಂದಾಗಿ ಬಿದ್ದವು.

ಆಮೇಲಿನ ದಿನಗಳನ್ನು ನೆನೆಯಲು ಈಗಲೂ ಇಷ್ಟವಿಲ್ಲ. ಶಿರಹಟ್ಟಿಯಲ್ಲಿ ಲಕ್ವ ಹೊಡೆದ ಹೆಂಗಸೊಬ್ಬರಿಗೆ ಕೈ ಎತ್ತುವುದನ್ನು ಕಲಿಸುತ್ತಿದ್ದೆ. ಅವರು ನಗುನಗುತ್ತ ದಿನದಿನಕ್ಕೆ ಸುಧಾರಿಸುತ್ತಿದ್ದರು. ಅವರ ನಗುವೂ ನನಗೆ ಹಿಡಿಸುತ್ತಿರಲಿಲ್ಲ. ಅಲ್ಲಿಂದ ಲಕ್ಷ್ಮೇಶ್ವರದ ಬಸ್ಸು ಕಣ್ಣೆದುರೇ ಹೋಗುತ್ತಿತ್ತು, ನಾನು ಗದಗಿನದನ್ನು ಹತ್ತುತ್ತಿದ್ದೆ. ಒಂದು ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ಚಾಚಾ ತಾವೇ ಎದ್ದಿದ್ದರಿಂದ ಬಿದ್ದರು. ನಾನು ಬಯಸಿದ್ದೇ ಅದನ್ನು. ಏಳುವುದನ್ನು ಕಲಿಸಲು ನನಗೆ ಬಂತು, ಎಲ್ಲಿಗೆ ಹೋಗುತ್ತಿದ್ದೇನೆ ಎಂಬ ಎಚ್ಚರವನ್ನು ಕೊಡಲು ಯಾರಿಂದಲೂ ಆಗುತ್ತಿರಲಿಲ್ಲ. ಎದ್ದರೆ ಬೀಳುತ್ತಾರೆ, ಏಳದಿದ್ದರೆ ಕೊಳೆಯುತ್ತಾರೆ. ಇದೆಂಥ ಕೆಲಸ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಒಂದು ದಿನ ಕ್ಲಿನಿಕ್ಕಿನಲ್ಲಿ ಸುಮ್ಮಸುಮ್ಮನೆ ಅಳು ಬಂದು, ಮುಖ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ನಿಂತೆ.

ಮಗನ ಫೋನು ಬಂದಾಗ ಮಳೆಗಾಲ ಹಿಂದಾಗಿತ್ತು. "ಅಪ್ಪಾನ ಎದಿ ಗರಗರ ಅಂತೈತ್ರಿ. ಡಾಕ್ಟರ್ ಔಷಧ ಕೊಟ್ಟಾರ, ಜ್ವರಾ ಇಳದಾವ. ಕಫಾ ತಗಸಾಕ ನಿಮ್ಮನ್ನ ಕರೀರಿ ಅಂದಾರ."

"ಚಾಚಿ?"

"ಅಕಿನ ಹೇಳಿದ್ಲು, ಕರಿ ಅಂತ."

ಹೋದೆ. ಅದೇ ಗಾದಿ, ಮೇಲೆ ಇನ್ನೂ ಒಂದು ಹೆಚ್ಚಾಗಿತ್ತು. ಚಾಚಾ ಅರ್ಧಕ್ಕರ್ಧ ಇಳಿದುಹೋಗಿದ್ದರು. ಮುರಿದ ಎಡಗೈಗೆ ಕಟ್ಟಿದ ಪಟ್ಟಿ ಇನ್ನೂ ಇತ್ತು. ಶ್ವಾಸಕೋಶದ ಕೆಳಭಾಗದ ಕಫ ಸಡಿಲಾಗಬೇಕಾದರೆ ಮಗ್ಗುಲಿಗೆ ತಿರುಗಿಸಿ, ಬೊಗಸೆ ಮಾಡಿದ ಕೈಯಿಂದ ಬೆನ್ನು ತಟ್ಟಬೇಕು. ತಿರುಗಿಸಲು ನಾನು, ಮಗ ಇಬ್ಬರೂ ಸಾಲಲಿಲ್ಲ. ಎತ್ತಿದಷ್ಟೂ ಮೈ ತಗ್ಗಿಗೆ ಜಾರುತ್ತಿತ್ತು. ಕೊನೆಗೆ ಚಾಚಿ ಗಂಡನ ಬೆನ್ನಡಿಗೆ ಎರಡೂ ಕೈ ತೂರಿಸಿ ಎತ್ತಿದರು. ಮೂವರ ಕೈಯಲ್ಲಿ ಚಾಚಾ ಹೊರಳಿದಾಗ ಚಾಚಿಯ ಕೈ ಅವರು ಮಲಗಿದ್ದ ತಗ್ಗಿನಲ್ಲೇ ಉಳಿದಿತ್ತು. ಆ ತಗ್ಗು ಬೆವರಿನಿಂದ ಒದ್ದೆಯಾಗಿ, ಬಿಸಿಯಾಗಿ, ಮನುಷ್ಯನ ಆಕಾರದಲ್ಲಿತ್ತು. ಬೆನ್ನ ಕೆಳಗಿನ ಕೆಂಪು ಈಗ ತೆರೆದ ಹುಣ್ಣಾಗಿತ್ತು.

ನಾನು ಬೆನ್ನು ತಟ್ಟುತ್ತಿದ್ದೆ. ಚಾಚಿ ಆ ತಗ್ಗಿನೊಳಗೆ ಕೈಯಾಡಿಸುತ್ತಲೇ ಇದ್ದರು. ಅವರು ಗಂಡನ ಜೊತೆ ಗಾದಿ ಹೊಲಿಯುತ್ತ ಅಷ್ಟು ವರ್ಷ ಕೈಯಿಂದಲೇ ಅದರ ಏರುತಗ್ಗು ನೋಡಿದವರು.

"ಇದು ಗಾದಿ ಅಲ್ಲ," ಎಂದರು ಮೆಲ್ಲಗೆ. "ಇದು ಕುಣಿ." ನನ್ನ ಕಡೆ ನೋಡದೆ ಕೇಳಿದರು: "ಎಷ್ಟು ಗಟ್ಟಿ ಇರಬೇಕು?"

ಹೊರಳಲು ಗಟ್ಟಿ ಬೇಕು, ಹುಣ್ಣಿಗೆ ಗಟ್ಟಿ ಆಗದು. ಹಲಗೆಯ ಮೇಲಿನ ಕೌದಿ ಈಗ ನಡೆಯುವುದಿಲ್ಲ, ಎಲುಬಿಗೆ ನೇರ ತಾಗುತ್ತದೆ. ಇಂಥವರಿಗೆಂದೇ ಮಾಡಿದ ಹಾಸಿಗೆಗಳು ಪೇಟೆಯಲ್ಲಿವೆ ಎಂದೆ. ಚಾಚಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಬ್ಯಾರೆದ್ದು ಬ್ಯಾಡ. ನೀ ಹೆಂಗ ಬೇಕು ಅದನ್ನ ಹೇಳು."

ನಾನು ಮೊಣಕೈಯನ್ನು ಮಂಚದ ಮೇಲೆ ಒತ್ತಿ ತೋರಿಸಿದೆ. ಇಷ್ಟು ಭಾರ ಹಾಕಿದರೆ ಮೊಣಕೈ ಬೆರಳಿನ ದಪ್ಪದಷ್ಟು ಇಳಿಯಬೇಕು, ಅಲ್ಲಿಗೆ ನಿಲ್ಲಬೇಕು. ಅಂಚು ಕುಸಿಯಬಾರದು. ಕೂತಾಗ ಪಾದ ನೆಲಕ್ಕೆ ತಾಗಬೇಕು. ಚಾಚಿ ನನ್ನ ಮೊಣಕೈಯನ್ನು ತಮ್ಮ ಅಂಗೈಯ ಮೇಲೆ ಇಟ್ಟುಕೊಂಡು, "ಒತ್ತು," ಎಂದರು. ಒತ್ತಿದೆ. "ಇನ್ನೂ ಒತ್ತು." ಭಾರವನ್ನು ಅಳೆದುಕೊಂಡರು.

ಒಳ್ಳೆಯ ಗಾದಿಯೆಂದರೆ ಹತ್ತಿ ಚೆನ್ನಾಗಿ ಹಿಂಜಿ ಅರಳಬೇಕು, ಹೊಲಿಗೆ ದೂರದೂರ ಬೀಳಬೇಕು. ಚಾಚಿ ಎಲ್ಲವನ್ನೂ ಉಲ್ಟಾ ಮಾಡಿದರು. ಹಳೆಯ, ಕೂತುಹೋದ ಹತ್ತಿಯನ್ನು ಯಂತ್ರಕ್ಕೆ ಹಾಕದೆ ಹಾಗೇ ತೆಗೆದುಕೊಂಡರು. ಎರಡು ಗಾದಿಯ ಹತ್ತಿಯನ್ನು ಒಂದರಲ್ಲಿ ತುಳಿದು ತುಂಬಿದರು. ಕೋಲಿನಿಂದ ಬಡಿಬಡಿದು ಮಟ್ಟ ಮಾಡಿ, ದಬ್ಬಣದಿಂದ ಒತ್ತೊತ್ತಾಗಿ ಹೊಲಿದರು. ಅಂಗಡಿಗೆ ಬಂದ ಗಿರಾಕಿಯೊಬ್ಬ, "ಏನ್ ಚಾಚಿ, ಗಾದಿ ಹೊಲಿಯೂದು ಮರತ್ರೇನು? ಇದು ಕಲ್ಲ ಆಗೇತಲ್ಲ," ಎಂದು ನಕ್ಕನಂತೆ. ಚಾಚಿ ತಲೆ ಎತ್ತಲಿಲ್ಲವೆಂದು ಮಗ ಹೇಳಿದ. ಅಂಗಡಿಯ ಮರ್ಯಾದೆ ಹೋಗುತ್ತದೆಂದು ಒಳಗೆ ಹೋಗಿ ಹೊಲಿ ಎಂದರೂ ಕೇಳಲಿಲ್ಲವಂತೆ.

ಹೊಸ ಗಾದಿ ಹಾಸಿದ ಮೇಲೆ ನಾವು ಮತ್ತೆ ಮೊದಲಿನಿಂದ ಶುರು ಮಾಡಿದೆವು. ನೆಲದ ಗಾದಿಗಳು ಹೊರಗೆ ಹೋದವು. ಅಂಗಡಿಯ ಬಾಗಿಲಿಗೆ ಅಡ್ಡಗೋಲು ಬಂತು. ಹುಣ್ಣಿನ ಮೇಲೆ ಭಾರ ಬೀಳದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದನ್ನು ಚಾಚಿ, ಮಗ ಹಂಚಿಕೊಂಡರು. ಹೊಸ ಗಾದಿಯ ಮೇಲೆ ಒಬ್ಬರ ಕೈ ಸಾಕಾಗುತ್ತಿತ್ತು. ಹುಣ್ಣು ನಿಧಾನಕ್ಕೆ ಒಣಗತೊಡಗಿತು. ಎದೆ ತಿಳಿಯಾಯಿತು. ಆದರೆ ಚಾಚಾ ತಾವಾಗಿ ಹೊರಳಲಿಲ್ಲ. ನಾನು "ಮೊಣಕಾಲು ಮಡಚ್ರಿ" ಎಂದರೆ ಮಾತು ಅವರನ್ನು ತಲುಪುತ್ತಲೇ ಇರಲಿಲ್ಲ. ಒಂದು ಮಾತಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮಾಯ. ಗಮನವಿಟ್ಟು ಮಾಡುವ ದಾರಿ ಸ್ವಲ್ಪ ಕಾಲ ಉಳಿದಿರುತ್ತದೆ ಎಂದಿದ್ದೆನಲ್ಲ, ಆ ಕಾಲ ನಾನು ಬಾಗಿಲ ಹೊರಗಿದ್ದಾಗ ಮುಗಿದುಹೋಗಿತ್ತು. ಗಾದಿ ಸಿದ್ಧವಾಯಿತು, ಮಿದುಳು ಕಾಯಲಿಲ್ಲ. ಇದನ್ನು ಚಾಚಿಗೆ ಹೇಗೆ ಹೇಳುವುದೆಂದು ತಿಳಿಯದೆ ವಾರಗಟ್ಟಲೆ ಸುಳ್ಳು ಹುರುಪಿನಿಂದ ಹೋಗಿ ಬಂದೆ. ಅವರಿಗೂ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಒಂದು ಮಧ್ಯಾಹ್ನ, ಗುಳಿಗೆ ಹತ್ತಿ ಮೈ ಸಡಿಲಾಗಿದ್ದ ಹೊತ್ತು. ಹೇಳಿ ಹೇಳಿ ಸೋತು ನಾನು ಚೀಲ ಕಟ್ಟುತ್ತಿದ್ದೆ. ಚಾಚಿ ಮಂಚದ ಎದುರು ನೆಲದ ಮೇಲೆ ಕುಳಿತಿದ್ದರು. ಚಾಚಾನ ಬಲಗೈ ಗಾದಿಯ ಅಂಚಿನಲ್ಲಿ ಆಡುತ್ತಿತ್ತು. ಬೆರಳುಗಳು ಹೊಲಿಗೆಯಿಂದ ಹೊಲಿಗೆಗೆ ಹೋದವು, ನಿಂತವು, ಮತ್ತೆ ಹಿಂದೆ ಬಂದವು. ಹುಬ್ಬು ಗಂಟಿಕ್ಕಿತು. ತಿಂಗಳುಗಳಿಂದ ಆ ಮುಖದಲ್ಲಿ ಸಿಟ್ಟನ್ನೂ ಕಂಡಿರಲಿಲ್ಲ ನಾನು. ಮುಖ ಬಲಕ್ಕೆ ತಿರುಗಿತು. ಎಡಗೈ ಎದೆಯ ಮೇಲಿಂದ ಬಂದು ಅಂಚನ್ನು ಹಿಡಿಯಿತು. ಮೊಣಕಾಲು ಬಿತ್ತು, ಪಾದ ಇಳಿಯಿತು. ಬಲ ಮೊಣಕೈ ಗಾದಿಯನ್ನು ಒತ್ತಿತು, ಬೆರಳಿನ ದಪ್ಪದಷ್ಟು ಇಳಿಯಿತು, ನಿಂತಿತು. ಚಾಚಾ ಎದ್ದು ಕುಳಿತರು. ಪಾದಗಳು ನೆಲಕ್ಕೆ ತಾಗಿದ್ದವು.

ಕೂತವರು ಅಂಗೈಯಿಂದ ಗಾದಿಯನ್ನು ಎರಡು ಸಲ ತಟ್ಟಿ, ಎದುರಿಗಿದ್ದ ಚಾಚಿಯನ್ನು ನೋಡಿದರು.

"ಯಾರ ಮನೀದವಾ ಈ ಗಾದಿ?"

ಚಾಚಿ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಪರವೂರಿನಿಂದ ಬಂದ ಗಿರಾಕಿಯಂತೆ ನೆಟ್ಟಗೆ ಕುಳಿತರು. "ನಮ್ಮನೀದರಿ."

"ಯಾರಿಗೆ ಬೇಕಾಗಿತ್ತು?"

"ನಮ್ಮನಿಯವರಿಗ್ರಿ."

"ಭಾಳ ಗಟ್ಟಿ ಆಗೇತಿ. ಕೆಲಸ ಚಲೋ ಆಗಿಲ್ಲ. ಬಿಟ್ಟು ಹೋಗವಾ, ಬಿಚ್ಚಿ, ಹಿಂಜಿ, ಮೆತ್ತಗ ಮಾಡಿ ಕೊಡ್ತೇನಿ."

"ಬ್ಯಾಡ್ರಿ," ಎಂದರು ಚಾಚಿ. "ಅವರಿಗೆ ಹಿಂಗ ಇರಬೇಕ್ರಿ."

ಚಾಚಾ ಇನ್ನೊಮ್ಮೆ ಗಾದಿಯ ಮೇಲೆ ಕೈಯಾಡಿಸಿದರು. "ಇದರ ಮ್ಯಾಲೆ ಮಲಗ್ತಾರಂದ್ರ ಭಾಳ ಒರಟ ಮನಶ್ಯಾ ಇರಬೇಕು ನಿಮ್ಮನಿಯವರು."

"ಇಲ್ರಿ. ಭಾಳ ಮೆತ್ತನ ಮನಶ್ಯಾರಿ ಅವರು."

ಚಾಚಾ ಗಾದಿಯಿಂದ ಕೈ ತೆಗೆದರು. "ಹಂಗಾದ್ರ ಒಯ್ಯವಾ," ಎಂದರು.

"ಒಯ್ತೇನ್ರಿ," ಎಂದರು ಚಾಚಿ. ಅವರು ಎದ್ದು ಗಂಡನನ್ನು ಹಿಡಿದುಕೊಳ್ಳಲು ಹೋಗಲಿಲ್ಲ. ಗಿರಾಕಿ ಹಾಗೆಲ್ಲ ಹಿಡಿದುಕೊಳ್ಳುವುದಿಲ್ಲ. ಚಾಚಾ ಯಾರ ಕೈಯೂ ಇಲ್ಲದೆ ಕುಳಿತಿದ್ದಷ್ಟು ಹೊತ್ತೂ ಅವರು ಅಲ್ಲೇ, ನೆಲದ ಮೇಲೆ, ಕಣ್ಣೀರು ಒರೆಸಿಕೊಳ್ಳದೆ ಕುಳಿತಿದ್ದರು.